ಜೀವಾವಧಿ ಶಿಕ್ಷೆಯಾದವರ ಬಿಡುಗಡೆಗೆ ಅರ್ಜಿ ಹಾಕುವುದು ಹೇಗೆ? ಶಿವಮೊಗ್ಗದ ಸೋಗಾನೆ ಜೈಲಿಗೆ ಓಡಾಡುವ ಮನೆಯವರಿಗೆ

ಆಗಸ್ಟ್ 15 ಹತ್ತಿರ ಬಂದರೆ ಸಾಕು, ‘ಈ ಸಲ ಬಿಡುಗಡೆ ಲಿಸ್ಟಲ್ಲಿ ಹೆಸರಿದೆಯಂತೆ’ ಅಂತ ಯಾರೋ ಒಬ್ಬರು ಹೇಳುತ್ತಾರೆ. ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಆಮೇಲೆ ವಿಚಾರಿಸಿದರೆ ಫೈಲ್ ಜೈಲಿನ ಗೇಟು ದಾಟಿ ಆಚೆಗೇ ಹೋಗಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಬರುವ ಮನೆಯವರಿಗೆ ಅರ್ಜಿ ಬರೆದುಕೊಡುವಾಗ ನಾನು ಮೊದಲು ಹೇಳುವ ಮಾತು ಒಂದೇ. ಅಳು ಮನೆಯಲ್ಲಿರಲಿ, ಅರ್ಜಿಯಲ್ಲಿ ವಿಳಾಸ ಇರಲಿ. ಈ ಮನುಷ್ಯ ಹೊರಗೆ ಬಂದರೆ ಎಲ್ಲಿರುತ್ತಾನೆ, ಏನು ಕೆಲಸ ಮಾಡುತ್ತಾನೆ, ಯಾರು ಜವಾಬ್ದಾರಿ ತಗೊಳ್ಳುತ್ತಾರೆ? ಫೈಲ್ ನೋಡುವ ಪ್ರತಿಯೊಬ್ಬ ಅಧಿಕಾರಿಯೂ ಹುಡುಕುವುದು ಈ ಉತ್ತರವನ್ನೇ.

ಮೊದಲು ಲೆಕ್ಕ

ಕೊಲೆ ಕೇಸಿನಲ್ಲಿ, ಅಂದರೆ ಹಳೆಯ ಐಪಿಸಿ 302ರಲ್ಲಿ, ಜೀವಾವಧಿ ಆಗಿದ್ದರೆ ಕನಿಷ್ಠ 14 ವರ್ಷ ಒಳಗಿರಲೇಬೇಕು. ಮರಣದಂಡನೆಗೂ ಅವಕಾಶ ಇರುವ ಅಪರಾಧಗಳಿಗೆಲ್ಲ ಇದೇ ನಿಯಮ. ಮೊದಲು ಇದು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 433ಎ ಆಗಿತ್ತು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 475 ಆಗಿದೆ. ‘14 ವರ್ಷ ಆದರೆ ತಾನಾಗಿ ಬಿಡುತ್ತಾರೆ’ ಅಂತ ಬಹಳ ಜನ ನಂಬಿಕೊಂಡಿದ್ದಾರೆ, ಅದು ಸುಳ್ಳು. ಜೀವಾವಧಿ ಅಂದರೆ ಕಾನೂನಿನ ಕಣ್ಣಲ್ಲಿ ಉಸಿರಿರುವ ತನಕ. ಗೋಡ್ಸೆಯ ತಮ್ಮನ ಕೇಸಿನಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಬಿಟ್ಟಿದೆ. 14 ವರ್ಷ ಆದ ಮೇಲೆ ಕೇಳಲು ಬಾಗಿಲು ತೆರೆಯುತ್ತದೆ, ಅಷ್ಟೆ.

ಈ 14ನ್ನು ಎಣಿಸುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೇಸು ನಡೆಯುವಾಗ ವಿಚಾರಣಾಧೀನ ಬಂಧಿಯಾಗಿ ಒಳಗಿದ್ದ ದಿನಗಳು ಲೆಕ್ಕಕ್ಕೆ ಸೇರುತ್ತವೆ. ಜೀವಾವಧಿಯವರಿಗೂ ಈ ಸೆಟ್ ಆಫ್ ಸಿಗಬೇಕು ಅಂತ 1985ರಲ್ಲೇ ತೀರ್ಮಾನವಾಗಿದೆ. ಜಾಮೀನಿನ ಮೇಲೆ ಮನೆಯಲ್ಲಿದ್ದ ದಿನಗಳು ಸೇರುವುದಿಲ್ಲ. ಜೈಲಿನಲ್ಲಿ ಕೆಲಸ ಮಾಡಿ, ಒಳ್ಳೆಯ ನಡತೆಯಿಂದ ಗಳಿಸಿದ ಮಾಫಿ ದಿನಗಳು ಈ 14ಕ್ಕೆ ಉಪಯೋಗಕ್ಕೆ ಬರುವುದಿಲ್ಲ, 14 ನಿಜವಾಗಿಯೂ ಒಳಗೆ ಕಳೆದ ವರ್ಷಗಳೇ ಆಗಿರಬೇಕು. ಇನ್ನು ಪೆರೋಲ್. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನು ಕಳೆದೇ 14 ವರ್ಷ ಎಣಿಸಬೇಕು ಅಂತ 2023ರ ಜನವರಿಯಲ್ಲಿ ಗೋವಾದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಡಿಕೆ ಕೊಯ್ಲಿಗೆ, ಮಗಳ ಮದುವೆಗೆ ಅಂತ ಬಂದು ಹೋದ ದಿನಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪೆರೋಲ್ ಮುಗಿದ ದಿನ ವಾಪಸ್ ಹೋಗದೆ ತಡಮಾಡಿದ್ದರೆ ಅದೊಂದು ಕಪ್ಪು ಚುಕ್ಕೆಯೇ. ಮಳೆಗೆ ಘಾಟಿ ಬಂದ್ ಆಗಿ ಬಸ್ಸಿಲ್ಲದೆ ತಡವಾಗಿದ್ದರೆ ಆಗಲೇ ಬರೆದು ಕೊಟ್ಟಿರಬೇಕಿತ್ತು. ಕೊಟ್ಟಿಲ್ಲದಿದ್ದರೆ ಈಗ ಅರ್ಜಿಯಲ್ಲಿ ನಾಲ್ಕು ಸಾಲಿನಲ್ಲಿ ವಿವರಿಸಿ, ಮುಚ್ಚಿಡಬೇಡಿ. ಅದು ಅವರ ರೆಕಾರ್ಡಿನಲ್ಲಿ ಹೇಗೂ ಇದೆ.

ಈ ಎಲ್ಲ ದಿನಗಳ ಲೆಕ್ಕ ಇರುವ ಕಾಗದಕ್ಕೆ ನಾಮಿನಲ್ ರೋಲ್ ಅನ್ನುತ್ತಾರೆ. ಜೈಲಿನಿಂದ ಅದನ್ನೇ ಕೇಳಿ. ಕೇಳುವಾಗ ಹೆಸರಿನ ಜೊತೆ ಸಿಟಿಪಿ ನಂಬರ್ (ಶಿಕ್ಷೆಯಾದವರಿಗೆ ಜೈಲಿನಲ್ಲಿ ಕೊಡುವ ನಂಬರ್) ಹೇಳಿ, ಒಂದೇ ಹೆಸರಿನವರು ಅಲ್ಲಿ ಬೇಕಾದಷ್ಟಿದ್ದಾರೆ.

ಯಾವ ಬಾಗಿಲು ತಟ್ಟಬೇಕು

ಎರಡು ದಾರಿ ಇವೆ. ಒಂದು, ಬಿಎನ್‌ಎಸ್‌ಎಸ್ 473ರ ಕೆಳಗೆ ರಾಜ್ಯ ಸರ್ಕಾರ ಉಳಿದ ಶಿಕ್ಷೆಯನ್ನು ಮಾಫಿ ಮಾಡುವುದು. ಇದಕ್ಕೆ 14 ವರ್ಷದ ಕಟ್ಟು ಇದೆ. ಇನ್ನೊಂದು, ಸಂವಿಧಾನದ 161ನೇ ವಿಧಿಯ ಕೆಳಗೆ ರಾಜ್ಯಪಾಲರು ಕ್ಷಮೆ ಕೊಡುವುದು. ಇದಕ್ಕೆ ಆ 14ರ ಕಟ್ಟು ಇಲ್ಲ. ಕಾಯಿಲೆ ಜೋರಾಗಿದ್ದರೆ, ತುಂಬಾ ವಯಸ್ಸಾಗಿದ್ದರೆ ಈ ದಾರಿ ಹಿಡಿಯಬಹುದು. ಆದರೆ ರಾಜ್ಯಪಾಲರು ಒಬ್ಬರೇ ಕುಳಿತು ತೀರ್ಮಾನ ಮಾಡುತ್ತಾರೆ ಅಂದುಕೊಳ್ಳಬೇಡಿ. ಸಚಿವ ಸಂಪುಟ ಏನು ಸಲಹೆ ಕೊಡುತ್ತದೋ ಅದರಂತೆ ಅವರು ನಡೆಯಬೇಕು. ರಾಜೀವ್ ಗಾಂಧಿ ಹತ್ಯೆ ಕೇಸಿನ ಪೇರರಿವಾಳನ್‌ನನ್ನು 2022ರಲ್ಲಿ ಬಿಡುಗಡೆ ಮಾಡುವಾಗ ಸುಪ್ರೀಂ ಕೋರ್ಟ್ ಈ ಮಾತನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಅಂದರೆ ಯಾವ ದಾರಿಯಲ್ಲಿ ಹೋದರೂ ಫೈಲ್ ಒಳಾಡಳಿತ ಇಲಾಖೆಯ ಮೇಜಿನ ಮೇಲೆ ಹೋಗಿಯೇ ಹೋಗುತ್ತದೆ.

ಶಿಕ್ಷೆ ಎಲ್ಲಿ ಆಯಿತು ಅನ್ನುವುದೂ ಮುಖ್ಯ. ಹುಡುಗ ಸಾಗರದವನೇ ಇರಲಿ, ಗೋವಾದಲ್ಲಿ ಕೆಲಸಕ್ಕಿದ್ದಾಗ ಕೇಸಾಗಿ ಅಲ್ಲೇ ಶಿಕ್ಷೆಯಾಗಿದ್ದರೆ ಮಾಫಿ ಕೊಡಬೇಕಾದದ್ದು ಗೋವಾ ಸರ್ಕಾರ, ಈಗ ಅವನು ಯಾವ ಜೈಲಿನಲ್ಲಿದ್ದರೂ ಅಷ್ಟೇ. ಬಿಲ್ಕಿಸ್ ಬಾನು ಕೇಸಿನಲ್ಲಿ 2024ರ ಜನವರಿ 8ರಂದು ಬಿಡುಗಡೆ ರದ್ದಾಗಿದ್ದು ಇದೇ ಕಾರಣಕ್ಕೆ. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಬಿಟ್ಟದ್ದು ಗುಜರಾತ್ ಸರ್ಕಾರ. ಹೊರಗೆ ಬಂದವರು ಮತ್ತೆ ಒಳಗೆ ಹೋದರು. ಸಿಬಿಐ ತನಿಖೆ ಮಾಡಿದ ಕೇಸಾದರೆ ಕೇಂದ್ರದ ಒಪ್ಪಿಗೆಯೂ ಬೇಕು. ಸೈನ್ಯದಲ್ಲಿದ್ದಾಗ ಕೋರ್ಟ್ ಮಾರ್ಷಲ್ ಆಗಿದ್ದರೆ ರಾಜ್ಯಪಾಲರ ಹತ್ತಿರ ಹೋಗುವುದೇ ಬೇಡ, ಅದು 72ನೇ ವಿಧಿ, ರಾಷ್ಟ್ರಪತಿಗಳಿಗೆ ಸೇರಿದ್ದು.

ನಮ್ಮ ಕಡೆ ಗಾಂಜಾ ಕೇಸುಗಳೂ ಇವೆ, ಅದಕ್ಕೇ ಇದನ್ನು ಹೇಳಬೇಕು. ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯ 32ಎ ಪ್ರಕಾರ ಆ ಶಿಕ್ಷೆಗೆ ಸರ್ಕಾರದ ಮಾಫಿ ಇಲ್ಲ. ಸೇವನೆ ಮಾಡಿದ್ದಕ್ಕೆ ಹಾಕುವ 27ನೇ ಸೆಕ್ಷನ್ ಒಂದಕ್ಕೆ ಮಾತ್ರ ವಿನಾಯಿತಿ. ಮಾಫಿ ಇಲ್ಲದವರಿಗೆ ಉಳಿಯುವುದು ಸಂವಿಧಾನದ 72 ಮತ್ತು 161ನೇ ವಿಧಿ ಅಷ್ಟೆ.

ಬರೀ 14ರ ಲೆಕ್ಕ ಸಾಲದ ಇನ್ನೂ ಒಂದು ಗುಂಪಿದೆ. ತೀರ್ಪಿನಲ್ಲೇ ‘ಮಾಫಿ ಇಲ್ಲದೆ ಇಷ್ಟು ವರ್ಷ’ ಅಥವಾ ‘ಜೀವ ಇರುವವರೆಗೆ’ ಅಂತ ಬರೆದಿರುವವರು. ಇದಕ್ಕೆ ದಾರಿ ಹಾಕಿಕೊಟ್ಟದ್ದು ನಮ್ಮ ರಾಜ್ಯದ್ದೇ ಕೇಸು, 2008ರ ಸ್ವಾಮಿ ಶ್ರದ್ಧಾನಂದ ತೀರ್ಪು. ಆದ್ದರಿಂದ ತೀರ್ಪಿನ ಕೊನೆಯ ಪುಟವನ್ನು ವಕೀಲರಿಗೆ ತೋರಿಸಿ ಓದಿಸಿಯೇ ಮುಂದಿನ ಹೆಜ್ಜೆ ಇಡಿ. ಸೆಷನ್ಸ್ ಕೋರ್ಟಿನ ತೀರ್ಪೊಂದೇ ಸಾಲದು, ಮೇಲ್ಮನವಿಯಲ್ಲಿ ಹೈಕೋರ್ಟ್ ಏನಾದರೂ ಬದಲಿಸಿದ್ದರೆ ಅದೇ ಲೆಕ್ಕ.

‘ಯುದ್ಧಕ್ಕೆ ಹೋದರೆ ಬಿಡ್ತಾರಂತೆ’

ಮೊಬೈಲಿನಲ್ಲಿ ವಿಡಿಯೊ ನೋಡಿದವರು ಇದನ್ನು ಕೇಳುತ್ತಾರೆ. ರಷ್ಯಾದಲ್ಲಿ 2022ರಲ್ಲಿ ವಾಗ್ನರ್ ಅನ್ನುವ ಬಾಡಿಗೆ ಪಡೆಯವರು ಜೈಲಿಗೆ ಹೋಗಿ, ಆರು ತಿಂಗಳು ಯುದ್ಧ ಮಾಡಿ ಬದುಕಿದರೆ ಮಾಫಿ ಅಂತ ಕೈದಿಗಳನ್ನು ಕರೆದುಕೊಂಡು ಹೋದದ್ದು ನಿಜ. ಉಕ್ರೇನ್ ಕೂಡ 2024ರ ಮೇ ತಿಂಗಳಲ್ಲಿ ಕಾನೂನು ಮಾಡಿ, ಸೈನ್ಯ ಸೇರುವ ಷರತ್ತಿನ ಮೇಲೆ ಕೆಲವು ಕೈದಿಗಳನ್ನು ಬಿಟ್ಟಿತು, ಲೈಂಗಿಕ ಅಪರಾಧ ಮಾಡಿದವರನ್ನೂ ಒಂದಕ್ಕಿಂತ ಜಾಸ್ತಿ ಕೊಲೆ ಮಾಡಿದವರನ್ನೂ ಹೊರಗಿಟ್ಟು. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಯಾರಾದರೂ ಫಾರಂ ಹಿಡಿದುಕೊಂಡು ಬಂದರೆ ಬಾಗಿಲಿನಿಂದಲೇ ಕಳಿಸಿ.

ಯುದ್ಧ ಕಾಲದಲ್ಲಿ ಕ್ಷಮೆ ಅನ್ನುವುದು ಹೇಗಿರುತ್ತದೆ ಅಂತ ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿಕಾರಿಪುರ ತಾಲೂಕಿನ ಈಸೂರು ಇದೆಯಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಊರಿನವರು ಸ್ವಾತಂತ್ರ್ಯ ಸಾರಿದರು, ಸೆಪ್ಟೆಂಬರ್ 28ರ ಗಲಾಟೆಯಲ್ಲಿ ಅಮಲ್ದಾರರು ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು, ಮುಂದಿನ ಮಾರ್ಚ್‌ನಲ್ಲಿ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಘಟನೆಯಿಂದ ಗಲ್ಲಿನವರೆಗೆ ಆರು ತಿಂಗಳೂ ಇಲ್ಲ. ಆಗ ಮೈಸೂರು ಸಂಸ್ಥಾನದಲ್ಲಿ ಕೊನೆಯ ಮಾತು ಅರಮನೆಯದು. ಯಾಕೆ ಅಂತ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. (ಆ ಜೈಲು ಈಗ ಫ್ರೀಡಂ ಪಾರ್ಕ್. ಶಿವಮೊಗ್ಗ ಪೇಟೆಯ ನಡುವೆ ಇದ್ದ ಹಳೇ ಜೈಲಿನ ಜಾಗವೂ ಫ್ರೀಡಂ ಪಾರ್ಕೇ ಆಯಿತು, ಜೈಲು ಸೋಗಾನೆಗೆ ಹೋಯಿತು, ಈಗ ಅದೇ ಸೋಗಾನೆಯಲ್ಲಿ ವಿಮಾನ ಇಳಿಯುತ್ತದೆ.)

ಈಗ ವ್ಯತ್ಯಾಸ ಇರುವುದು ಅಲ್ಲೇ. ಕ್ಷಮೆ ಕೊಡಲೇಬೇಕು ಅಂತ ಹಟ ಹಿಡಿಯುವ ಹಕ್ಕು ನಮಗಿಲ್ಲ, ಆದರೆ ಅರ್ಜಿಯನ್ನು ನೋಡಿ ಅಂತ ಕೇಳುವ, ಕೊಡದಿದ್ದರೆ ಯಾಕೆ ಅಂತ ಕೇಳುವ ಹಕ್ಕಿದೆ. 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯದಲ್ಲಿ ಮಾಫಿ ನೀತಿ ಇದ್ದರೆ, ಅದರ ಪ್ರಕಾರ ಅರ್ಹರಾದವರನ್ನು ಅವರು ಅರ್ಜಿ ಹಾಕದಿದ್ದರೂ ಸರ್ಕಾರವೇ ಪರಿಗಣಿಸಬೇಕು, ಕೊಟ್ಟರೂ ಬಿಟ್ಟರೂ ಕಾರಣ ಬರೆಯಬೇಕು, ಆ ಆದೇಶವನ್ನು ಕೈದಿಗೆ ತಲುಪಿಸಬೇಕು. ಹಾಗಂತ ಸುಮ್ನೆ ಕೂರಬೇಡಿ. ಅರ್ಜಿ ಹಾಕಿದವರ ಫೈಲಿಗೆ ಒಂದು ನಂಬರ್ ಇರುತ್ತದೆ, ಆ ನಂಬರ್ ಹಿಡಿದು ಕೇಳಬಹುದು.

ಕಾಗದ ಸೇರಿಸುವುದು

ತೀರ್ಪಿನ ಪ್ರತಿ ಬೇಕು, ಎಲ್ಲ ಕೋರ್ಟಿನದ್ದೂ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ, ಆದರೆ ವರ್ಷಗಳು ಕಳೆದು ಅದು ಎಲ್ಲೋ ಗೆದ್ದಲು ಹಿಡಿದಿರುತ್ತದೆ. ಆಗ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸಿ. ನಾಮಿನಲ್ ರೋಲ್ ಆಗಲೇ ಹೇಳಿದೆ. ಜೈಲಿನಲ್ಲಿ ಮಾಡಿದ ಕೆಲಸ, ಓದಿ ಪಾಸಾದ ಪರೀಕ್ಷೆ, ಕಲಿತ ಕಸುಬು ಇವುಗಳ ಸರ್ಟಿಫಿಕೇಟು. ಕಾಯಿಲೆ ಇದ್ದರೆ ಮೆಗ್ಗಾನ್ ಆಸ್ಪತ್ರೆಯದೋ ಜೈಲು ಡಾಕ್ಟರದೋ ಕಾಗದ. ಮನೆಯವರ ಆಧಾರ್, ರೇಷನ್ ಕಾರ್ಡ್, ಜಮೀನಿದ್ದರೆ ಪಹಣಿ. ಮತ್ತೆ ಎಲ್ಲಕ್ಕಿಂತ ತೂಕದ್ದು, ಬಂದ ಮೇಲೆ ಇರಿಸಿಕೊಳ್ಳುತ್ತೇವೆ ಅಂತ ಮನೆಯವರು ಕೊಡುವ ಅಫಿಡವಿಟ್.

ಶಿಕ್ಷೆ ಆದ ದಿನ ಯಾವ ಮಾಫಿ ನೀತಿ ಜಾರಿಯಲ್ಲಿತ್ತು ಅಂತಲೂ ವಕೀಲರಿಂದ ತಿಳಿದುಕೊಳ್ಳಿ. ಆಗಿನ ನೀತಿಯೇ ಅನ್ವಯಿಸುತ್ತದೆ, ಆಮೇಲೆ ಬಂದದ್ದು ಇನ್ನೂ ಸಲೀಸಾಗಿದ್ದರೆ ಅದರ ಲಾಭವೂ ಸಿಗಬೇಕು. 2010ರ ಹರಿಯಾಣದ ಜಗದೀಶ್ ಕೇಸಿನ ತೀರ್ಪು ಇದು. ಹೊಸ ನೀತಿ ಬಿಗಿಯಾಗಿದೆ ಅಂತ ಹೇಳಿ ವಾಪಸ್ ಕಳಿಸಿದರೆ ಈ ಹೆಸರು ಉಪಯೋಗಕ್ಕೆ ಬರುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಪುಕ್ಕಟೆ, 1987ರ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ‘ಲಿಸ್ಟಿಗೆ ಸೇರಿಸುತ್ತೇನೆ, ಇಷ್ಟು ಕೊಡಿ’ ಅನ್ನುವವರು ಸಿಗುತ್ತಾರೆ. ಅಡಿಕೆಗೆ ರೇಟು ಬಂದ ವರ್ಷ ಇವರು ಜಾಸ್ತಿಯೇ ಸಿಗುತ್ತಾರೆ. ಫೈಲ್ ಇಷ್ಟು ಮೇಜು ದಾಟಿ ಹೋಗುತ್ತದೆ ಅಂದಮೇಲೆ ಒಬ್ಬ ಮಧ್ಯವರ್ತಿ ಏನು ಸೇರಿಸುತ್ತಾನೆ, ನೀವೇ ಯೋಚನೆ ಮಾಡಿ.

ಅರ್ಜಿ ಬರೆಯುವುದು

ಕೈದಿಯೇ ಸಹಿ ಹಾಕಿ ಜೈಲಿನ ಅಧೀಕ್ಷಕರ ಮೂಲಕ ಕಳಿಸುವುದು ಸರಿಯಾದ ಕ್ರಮ. ಮನೆಯವರು ಹಾಕಬಹುದು, ಆದರೆ ಆಗ ‘ಶಿಕ್ಷೆಯಾದ ವ್ಯಕ್ತಿ ಈಗ ಜೈಲಿನಲ್ಲಿದ್ದಾರೆ’ ಅನ್ನುವ ಘೋಷಣೆ ಅರ್ಜಿಯಲ್ಲೇ ಇರಬೇಕು. ಒಂದು ಸಾಲಿನ ಮಾತು, ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನನ್ನ ಸಲಹೆ, ಎರಡೂ ಮಾಡಿ. ಅವರದ್ದು ಒಳಗಿನಿಂದ ಹೋಗಲಿ, ನಿಮ್ಮದು ಹೊರಗಿನಿಂದ. ಮೇಲೆ ‘ಮಾನ್ಯ ರಾಜ್ಯಪಾಲರಿಗೆ, ಮುಖ್ಯ ಅಧೀಕ್ಷಕರು, ಕೇಂದ್ರ ಕಾರಾಗೃಹ, ಶಿವಮೊಗ್ಗ ಇವರ ಮೂಲಕ’ ಅಂತ ಬರೆದು, ಒಂದು ಪ್ರತಿ ಒಳಾಡಳಿತ ಇಲಾಖೆಗೆ ಹಾಕಿ. 473ರ ಕೆಳಗೆ ಕೇಳುವುದಾದರೆ ರಾಜ್ಯಪಾಲರ ಬದಲು ಸರ್ಕಾರಕ್ಕೇ ಬರೆಯಿರಿ.

ಒಳಗೆ ಏನಿರಬೇಕು? 2000ನೇ ಇಸವಿಯಲ್ಲಿ ಲಕ್ಷ್ಮಣ್ ನಸ್ಕರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೆಲವು ಪ್ರಶ್ನೆ ಇಟ್ಟಿದೆ. ಆ ಅಪರಾಧ ಇಬ್ಬರ ನಡುವಿನ ಜಗಳದ್ದೋ, ಇಡೀ ಸಮಾಜಕ್ಕೆ ಪೆಟ್ಟು ಕೊಟ್ಟದ್ದೋ? ಮತ್ತೆ ಹಾಗೆ ಮಾಡುವ ಸಂಭವ ಇದೆಯೋ? ಮಾಡುವ ಶಕ್ತಿಯಾದರೂ ಉಳಿದಿದೆಯೋ? ಇನ್ನೂ ಒಳಗಿಟ್ಟು ಏನಾದರೂ ಪ್ರಯೋಜನ ಇದೆಯೋ? ಮನೆಯ ಸ್ಥಿತಿ ಏನು? ಅರ್ಜಿಯನ್ನು ಈ ಪ್ರಶ್ನೆಗಳ ಸುತ್ತಲೇ ಕಟ್ಟಿ. ‘ನಾನು ನಿರಪರಾಧಿ, ಸುಳ್ಳು ಕೇಸು’ ಅಂತ ಪುಟಗಟ್ಟಲೆ ಬರೆಯುವವರಿದ್ದಾರೆ. ಅದು ಮೇಲ್ಮನವಿಯ ಮಾತು. ಇಲ್ಲಿ ಅದನ್ನು ಎಳೆದರೆ ‘ಈತನಿಗೆ ಪಶ್ಚಾತ್ತಾಪವೇ ಇಲ್ಲ’ ಅಂತ ಓದಿಕೊಳ್ಳುವವರೇ ಜಾಸ್ತಿ.

ಭಾಷೆ ಹೀಗಿದ್ದರೆ ಸಾಕು:

‘ನಾನು 2009ರ ಜೂನ್‌ನಿಂದ ಜೈಲಿನಲ್ಲಿದ್ದೇನೆ. ಜಮೀನಿನ ಬೇಲಿಯ ವಿಷಯಕ್ಕೆ ನಡೆದ ಜಗಳದಲ್ಲಿ ನನ್ನಿಂದ ಒಂದು ಜೀವ ಹೋಯಿತು. ಅದಕ್ಕೆ ಮೊದಲು, ಅದರ ನಂತರ ನನ್ನ ಮೇಲೆ ಬೇರೆ ಕೇಸು ಇಲ್ಲ. ಜೈಲಿನಲ್ಲಿ ಮರಗೆಲಸ ಕಲಿತಿದ್ದೇನೆ, ಪ್ರಮಾಣಪತ್ರ ಲಗತ್ತಿಸಿದೆ. ಪೆರೋಲ್ ಮೇಲೆ ಹೋದಾಗಲೆಲ್ಲ ಹೇಳಿದ ದಿನ ವಾಪಸ್ ಬಂದಿದ್ದೇನೆ. ಬಿಡುಗಡೆಯಾದರೆ ನನ್ನ ಅಕ್ಕನ ಮನೆಯಲ್ಲಿ ಇರುತ್ತೇನೆ, ಅವರ ಅಫಿಡವಿಟ್ ಜೊತೆಗಿದೆ. ಆ ಮನೆ ನನ್ನ ಊರಿನಲ್ಲಿಲ್ಲ, ಬೇರೆ ತಾಲೂಕಿನಲ್ಲಿದೆ.’

ಕೊನೆಯ ಸಾಲು ಯಾಕೆ ಅಂತೀರಾ? ಅರ್ಜಿ ಬಿದ್ದುಹೋಗುವುದು ಜಾಸ್ತಿ ಪೊಲೀಸ್ ವರದಿಯಲ್ಲಿ. ಠಾಣೆಯವರು ಊರಿಗೆ ಬಂದು ವಿಚಾರಿಸುತ್ತಾರೆ, ‘ಊರಿಗೆ ಬಂದರೆ ಶಾಂತಿ ಕದಡುವ ಸಂಭವವಿದೆ’ ಅಂತ ಒಂದು ಸಾಲು ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಮಲೆನಾಡಿನ ಊರುಗಳೋ, ನಾಲ್ಕು ಮನೆ ಇರುತ್ತವೆ, ಸತ್ತವರ ಮನೆ ಮತ್ತು ಇವರ ಮನೆ ಒಂದೇ ಬೇಣದ (ಹುಲ್ಲುಗಾವಲಿನ) ಆಚೆ ಈಚೆ. ಆ ಮನೆಯವರಿಗೆ ಬೇಡ ಅನ್ನುವ ಹಕ್ಕು ಖಂಡಿತ ಇದೆ. ಅವರ ಹತ್ತಿರ ಹೋಗಿ ಒತ್ತಾಯ ಮಾಡುವುದು, ದೊಡ್ಡವರನ್ನು ಕಳಿಸಿ ಪಂಚಾಯ್ತಿ ಮಾಡಿಸುವುದು, ದುಡ್ಡಿನ ಮಾತಾಡುವುದು ಇವೆಲ್ಲ ತಪ್ಪು, ಅದೇ ವರದಿಯಲ್ಲಿ ಬೆದರಿಕೆ ಅಂತ ಬಂದುಬಿಡುತ್ತದೆ. ಅದರ ಬದಲು ಅರ್ಜಿಯಲ್ಲೇ ಬೇರೆ ಊರಿನ ವಿಳಾಸ ಕೊಡಿ. ಆಗ ವರದಿ ಆ ಊರಿನ ಠಾಣೆಯಿಂದಲೂ ತರಿಸಿ ಅಂತ ಕೇಳಬಹುದು.

ಶಿಕ್ಷೆ ಕೊಟ್ಟ ನ್ಯಾಯಾಲಯದ ಈಗಿನ ನ್ಯಾಯಾಧೀಶರ ಅಭಿಪ್ರಾಯವನ್ನೂ ಸರ್ಕಾರ ತರಿಸುತ್ತದೆ. ‘ಬಿಡುವುದು ಸೂಕ್ತವಲ್ಲ’ ಅಂತ ಬರೀ ಒಂದು ಸಾಲು ಬಂದರೆ ಅದು ನಡೆಯುವುದಿಲ್ಲ, ಕಾರಣ ಇರಬೇಕು ಅಂತ 2022ರ ರಾಮ್ ಚಂದರ್ ತೀರ್ಪಿದೆ.

ಕೊಟ್ಟ ಮೇಲೆ

ಅರ್ಜಿ ಕೊಟ್ಟಾಗ ಸ್ವೀಕೃತಿ ಹಾಕಿಸಿಕೊಳ್ಳಿ, ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಸುದ್ದಿ ಇಲ್ಲದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಇಂಥ ಸಿಟಿಪಿ ನಂಬರಿನ ಬಂಧಿಯ ಅವಧಿಪೂರ್ವ ಬಿಡುಗಡೆ ಅರ್ಜಿ ಯಾವ ದಿನ ಯಾವ ಕಚೇರಿಗೆ ಹೋಗಿದೆ, ಯಾವ ವರದಿ ಬಂದಿದೆ, ಯಾವುದು ಬಾಕಿ’ ಅಂತಷ್ಟೇ ಕೇಳಿ. ಉತ್ತರದಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತದೆ.

ತಿರಸ್ಕಾರವಾದರೆ ಆದೇಶದ ಪ್ರತಿ ಕೇಳಿ ಪಡೆಯಿರಿ. ಕಾರಣವೇ ಇಲ್ಲದಿದ್ದರೆ, ಬೇಕಾದ ಕಾಗದ ನೋಡದೇ ತೀರ್ಮಾನ ಮಾಡಿದ್ದರೆ, ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಶಿವಮೊಗ್ಗ ಜಿಲ್ಲೆಯವರು ಧಾರವಾಡಕ್ಕಲ್ಲ, ಬೆಂಗಳೂರಿಗೇ ಹೋಗಬೇಕು. ಕೋರ್ಟು ಸಾಮಾನ್ಯವಾಗಿ ‘ಇಷ್ಟು ದಿನದಲ್ಲಿ ಮತ್ತೆ ಪರಿಶೀಲಿಸಿ’ ಅನ್ನುತ್ತದೆ, ನೇರವಾಗಿ ಬಿಡಿಸುತ್ತದೆ ಅಂತ ಕಾಯಬೇಡಿ.

ಮರಣದಂಡನೆ ಆದವರ ಕಥೆ ಬೇರೆ, ಅಲ್ಲಿ ದಿನಗಳ ಲೆಕ್ಕ ಬಿಗಿ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಬಿದ್ದದ್ದನ್ನು ಜೈಲಿನವರು ತಿಳಿಸಿದ 30 ದಿನದಲ್ಲಿ ಕ್ಷಮಾದಾನದ ಅರ್ಜಿ ಹೋಗಬೇಕು, ಬಿಎನ್‌ಎಸ್‌ಎಸ್ 472. ಮೊದಲು ರಾಜ್ಯಪಾಲರಿಗೆ, ಅಲ್ಲಿ ಆಗದಿದ್ದರೆ 60 ದಿನದೊಳಗೆ ರಾಷ್ಟ್ರಪತಿಗೆ. ಸರ್ಕಾರವೇ ವರ್ಷಗಟ್ಟಲೆ ತಡ ಮಾಡಿದರೆ ಅದೇ ಶಿಕ್ಷೆ ಇಳಿಸಲು ಕಾರಣವಾಗಬಹುದು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್ ಸಹಚರರು ನಾಲ್ವರಿಗೆ 2014ರ ಜನವರಿಯಲ್ಲಿ ಗಲ್ಲು ತಪ್ಪಿದ್ದು ಹೀಗೆಯೇ. ಇದನ್ನು ಮಾತ್ರ ವಕೀಲರಿಲ್ಲದೆ ನೀವೇ ಮಾಡಲು ಹೋಗಬೇಡಿ.

ಬಿಡುಗಡೆ ಆದೇಶ ಬಂತು ಅನ್ನಿ. ಅದರಲ್ಲಿ ಷರತ್ತುಗಳಿರುತ್ತವೆ, ಠಾಣೆಗೆ ಹೋಗಿ ಸಹಿ ಹಾಕುವುದು, ಬೇರೆ ಕೇಸಿನಲ್ಲಿ ಸಿಕ್ಕಿಬೀಳದೆ ಇರುವುದು ಇತ್ಯಾದಿ. ಪಾಲಿಸಲು ಆಗದಂಥ, ಅರ್ಥವೇ ಆಗದಂಥ ಷರತ್ತು ಹಾಕುವಂತಿಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಗುಜರಾತಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಷರತ್ತು ಮುರಿದರು ಅಂತ ವಾಪಸ್ ಒಳಗೆ ಹಾಕುವ ಮೊದಲು ನೋಟಿಸ್ ಕೊಟ್ಟು ಉತ್ತರ ಕೇಳಬೇಕು. ಶಿಕ್ಷೆ ಉಳಿದದ್ದು ಮಾಫಿ ಆಗಿದೆ, ಅಪರಾಧಿ ಅನ್ನುವ ತೀರ್ಪು ಅಳಿಸಿಹೋಗಿಲ್ಲ, ಕೆಲಸದ ಫಾರಂಗಳಲ್ಲಿ ಅದನ್ನು ನೆನಪಿಟ್ಟುಕೊಂಡೇ ತುಂಬಿಸಿ. ಆದೇಶದ ಜೆರಾಕ್ಸ್ ಎರಡು ಮೂರು ಮಾಡಿಸಿ, ಒಂದನ್ನು ಈಗ ಇರುವ ಊರಿನ ಠಾಣೆಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಇನ್ನೊಂದನ್ನು ಬಿಡುಗಡೆಯಾದವರು ಯಾವಾಗಲೂ ಜೊತೆಗೆ ಇಟ್ಟುಕೊಂಡಿರಲಿ.